ರಾಕ್ ಸಂಗೀತದ ರೆಕಾರ್ಡ್ ಹೊದಿಕೆಗಳು: ಪ್ಯಾಕೇಜಿಂಗ್‌ಗೆ ಒದಗುವ ವರ್ಣಸಂಯೋಜನೆ

ಗುಣಮಟ್ಟ, ಬೆಲೆ ಹಾಗೂ ಸಕಾಲಿಕ ಪೂರೈಕೆಯ ಬಗ್ಗೆ ನಮ್ಮ ಸಣ್ಣ ಉದ್ದಿಮೆದಾರರು ತೋರುವ ಕಾಳಜಿ ಉತ್ಪನ್ನದ ಹೊದಿಕೆಯ ಬಣ್ಣದ ಮಟ್ಟಿಗೆ ಕಾಣುವುದು ಅಪರೂಪ. ಲೇಬಲ್ಲಿನ ಬಣ್ಣವನ್ನು ಮುದ್ರಕರ ಮರ್ಜಿಗೆ ಬಿಡುವುದು, ಇಲ್ಲವೇ ಮುಂಚೂಣಿಯಲ್ಲಿರುವ ಪ್ರತಿಸ್ಪರ್ಧಿಯ ಪೊಟ್ಟಣವನ್ನು ಮುಂದಿಟ್ಟು ‘ಹೀಗೆಯೇ ಇರಲಿ’ ಎನ್ನುವುದು ವಾಡಿಕೆ. ಮೊದಲನೆಯದರಿಂದ ಸರಕು ಅಂಗಡಿಯ ಕಪಾಟಿನಲ್ಲಿ ಕಣ್ಣಿಗೆ ಬೀಳದೆ ಉಳಿಯುತ್ತದೆ; ಎರಡನೆಯದರಿಂದ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಬೇರೆ ಮಾದರಿ ಹುಡುಕುವವರಿಗೆ 1960 ಮತ್ತು 70ರ ದಶಕಗಳ ಬ್ರಿಟಿಷ್ ಹಾಗೂ ಅಮೆರಿಕನ್ ರಾಕ್ ಸಂಗೀತದ ರೆಕಾರ್ಡ್ ಹೊದಿಕೆಗಳು ಉತ್ತಮ ಆಕರಗಳಾಗಿವೆ.

ಸಂಗೀತದ ಅಭಿರುಚಿಗೂ ಈ ಸಲಹೆಗೂ ಸಂಬಂಧವಿಲ್ಲ. ಆ ಹೊದಿಕೆಗಳೂ ಪ್ಯಾಕೇಜಿಂಗೇ. 1940ರ ಸುಮಾರಿಗೆ ಕೊಲಂಬಿಯಾ ರೆಕಾರ್ಡ್ಸ್ ಸಂಸ್ಥೆಗಾಗಿ ಅಲೆಕ್ಸ್ ಸ್ಟೈನ್‌ವೈಸ್ ಚಿತ್ರಸಹಿತ ಹೊದಿಕೆಗಳನ್ನು ರೂಪಿಸಲಾರಂಭಿಸುವವರೆಗೆ ರೆಕಾರ್ಡುಗಳು ಬಹುತೇಕ ಮಂಕು ಬಣ್ಣದ ಸಾದಾ ಹೊದಿಕೆಗಳಲ್ಲಿ ಮಾರಾಟವಾಗುತ್ತಿದ್ದವು. 1948ರಲ್ಲಿ ಅದೇ ಸಂಸ್ಥೆ ಎಲ್‌ಪಿ ರೆಕಾರ್ಡನ್ನು ಬಿಡುಗಡೆ ಮಾಡಿದ ಮೇಲೆ 12 ಇಂಚಿನ ಚೌಕವೊಂದು ವಿನ್ಯಾಸಕಾರರ ಪಾಲಿಗೆ ಸ್ಥಿರವಾಯಿತು. ಅಂಗಡಿಯಲ್ಲಿ ಒಂದರ ಹಿಂದೊಂದು ನಿಲ್ಲಿಸಿದ ನೂರಾರು ಹೊದಿಕೆಗಳನ್ನು ಬೆರಳಿನಿಂದ ಸರಿಸುತ್ತ ಹೋಗುವ ಗ್ರಾಹಕನನ್ನು ಕ್ಷಣಮಾತ್ರದಲ್ಲಿ ತಡೆದು ನಿಲ್ಲಿಸುವುದು ಆ ಚೌಕದ ಕೆಲಸ. ಊದುಬತ್ತಿ, ಸಾಂಬಾರ ಪುಡಿಗಳ ಪೊಟ್ಟಣದ ಕೆಲಸವೂ ಇದೇ ಅಲ್ಲವೆ?

ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಹೊದಿಕೆಯನ್ನು ಮೊದಲಿಗೆ ಪರಿಶೀಲಿಸಬಹುದು. ಲಂಡನ್ನಿನ ಹಿಪ್ನಾಸಿಸ್ ಎಂಬ ವಿನ್ಯಾಸ ಸಂಸ್ಥೆ ಇದನ್ನು ರೂಪಿಸಿತು. ಚಿತ್ರ ಬಿಡಿಸಿದವರು ಜಾರ್ಜ್ ಹಾರ್ಡಿ. ಸ್ವಾರಸ್ಯದ ಸಂಗತಿಯೆಂದರೆ, ತಂಡದ ರಿಚರ್ಡ್ ರೈಟ್ ಬಯಸಿದ್ದು ಬ್ಲ್ಯಾಕ್ ಮ್ಯಾಜಿಕ್ ಚಾಕೊಲೇಟ್ ಡಬ್ಬಿಯಂತಹ ಅಚ್ಚುಕಟ್ಟಾದ ವಿನ್ಯಾಸವನ್ನು. ಇಂದು ಕಲಾಕೃತಿಯೆಂದು ಮನ್ನಣೆ ಪಡೆದಿರುವ ಹೊದಿಕೆಯ ಹಿಂದೆ ಮಿಠಾಯಿ ವ್ಯಾಪಾರಿಯ ಡಬ್ಬಿಯಿದೆ! ಕಪ್ಪು ಹಿನ್ನೆಲೆ, ನಡುವೆ ಪಟ್ಟಕ, ಅದರಿಂದ ಹೊಮ್ಮುವ ಬಣ್ಣದ ಪಟ್ಟಿ. ಮುಖಪುಟದ ಮೇಲೆ ಹೆಸರನ್ನೂ ಮುದ್ರಿಸಿರಲಿಲ್ಲ. ಶಾಲೆಯಲ್ಲಿ ಕಾಮನಬಿಲ್ಲಿಗೆ ಏಳು ಬಣ್ಣವೆಂದು ಕಲಿತ ನಾವು ಎಣಿಸಿ ನೋಡಿದರೆ ಇಲ್ಲಿರುವುದು ಆರೇ, ಊದಾನೀಲಿಯನ್ನು ಕೈಬಿಡಲಾಗಿದೆ. ನೀಲಿ ಮತ್ತು ನೇರಳೆಗಳ ನಡುವೆ ಅದು ಇದ್ದಿದ್ದರೆ ಎರಡೂ ಮಸಕಾಗಿ ಕಾಣುತ್ತಿದ್ದವು ಎಂಬುದು ಈ ಲೇಖಕನ ಅಭಿಪ್ರಾಯ. ಇಲ್ಲಿ ಗಮನಿಸಬೇಕಾದುದು ಬಣ್ಣಗಳಿಗಿಂತ ಅವುಗಳ ಪ್ರಮಾಣ. ಕಪ್ಪು ವಿಸ್ತಾರವಾಗಿರುವುದರಿಂದಲೇ ಆರು ಬಣ್ಣಗಳ ಸಣ್ಣ ಪಟ್ಟಿ ಹೊಳೆಯುತ್ತದೆ. ಅವೇ ಬಣ್ಣಗಳನ್ನು ಸಮಪಾಲಾಗಿ ಹರಡಿದರೆ ಜಾತ್ರೆಯ ಬಲೂನಿನಂತಾದೀತು.

ಇದೇ ನ್ಯಾಯವನ್ನು ಇನ್ನೂ ಕಡಿಮೆ ಬಣ್ಣಗಳಲ್ಲಿ ಸಾಧಿಸಿದವರುಂಟು. 1967ರಲ್ಲಿ ದಿ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡಕ್ಕಾಗಿ ಆ್ಯಂಡಿ ವಾರ್ಹಾಲ್ ಬಿಳಿಯ ಹಿನ್ನೆಲೆಯ ಮೇಲೆ ಒಂದು ಹಳದಿ ಬಾಳೆಹಣ್ಣನ್ನಷ್ಟೇ ಇಟ್ಟರು. ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್’ ಹೊದಿಕೆ ಬಣ್ಣಗಳ ಸಂತೆಯಾಗಿದ್ದರೆ, ಮರುವರ್ಷ ರಿಚರ್ಡ್ ಹ್ಯಾಮಿಲ್ಟನ್ ಅದೇ ತಂಡಕ್ಕೆ ನೀಡಿದ್ದು ಅಪ್ಪಟ ಬಿಳಿ ಹೊದಿಕೆ. ಎಲ್ಲರೂ ಬಣ್ಣ ಚೆಲ್ಲುತ್ತಿದ್ದ ಕಾಲದಲ್ಲಿ ಬಿಳಿಯೇ ಎದ್ದು ಕಂಡಿತು. ಆದುದರಿಂದ ಬಣ್ಣ ಆಯುವ ಮೊದಲು, ತಮ್ಮ ಸರಕು ಇಡಲಾಗುವ ಕಪಾಟಿನಲ್ಲಿ ಈಗಾಗಲೇ ಯಾವ ಬಣ್ಣಗಳಿವೆಯೆಂದು ಹೋಗಿ ನೋಡಿ ಬರುವುದು ಒಳಿತು.

ಇನ್ನು ಮುದ್ರಣದ ಮಾತು. ಸಾಮಾನ್ಯ ಆಫ್‌ಸೆಟ್ ಮುದ್ರಣದಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಉಳಿದ ಬಣ್ಣಗಳನ್ನು ಸಾಧಿಸಲಾಗುತ್ತದೆ. ಕ್ರೀಮ್ ತಂಡದ ‘ಡಿಸ್‌ರೇಲಿ ಗೇರ್ಸ್’ (1967) ಹೊದಿಕೆಯ ಕಣ್ಣುಕುಕ್ಕುವ ಪ್ರತಿದೀಪ್ತ ಬಣ್ಣಗಳು ಈ ನಾಲ್ಕರ ಮಿಶ್ರಣದಿಂದ ಬಾರವು. ಅವುಗಳಿಗೆ ಪ್ರತ್ಯೇಕ ಶಾಯಿ, ಪ್ರತ್ಯೇಕ ಪ್ಲೇಟ್ ಬೇಕು, ವೆಚ್ಚವೂ ಪ್ರತ್ಯೇಕ. ಬಿಸಿಲಿಗೆ ಬೇಗ ಮಾಸುವುದು ಇಂಥ ಶಾಯಿಗಳ ಇನ್ನೊಂದು ದೋಷ. ದಟ್ಟ ಕಪ್ಪಿನ ಸಮಸ್ಯೆ ಬೇರೆ. ಹೊಳಪಿಲ್ಲದ ರಟ್ಟು ಶಾಯಿಯನ್ನು ಹೀರಿಕೊಂಡಾಗ ಕಪ್ಪು ಬೂದಿಯಂತಾಗುತ್ತದೆ, ಪೆಟ್ಟಿಗೆಯ ಮಡಿಕೆಗಳಲ್ಲಿ ಬಿಳಿಯ ಬಿರುಕು ಕಾಣುತ್ತದೆ, ಕಪ್ಪಿನ ನಡುವೆ ಬಿಟ್ಟ ಸಣ್ಣ ಬಿಳಿ ಅಕ್ಷರಗಳ ಒತ್ತು, ದೀರ್ಘಗಳು ತುಂಬಿಹೋಗುತ್ತವೆ. ಲ್ಯಾಮಿನೇಷನ್ ಮಾಡಿಸಲು ಸಿದ್ಧರಿಲ್ಲದವರು ಕಪ್ಪನ್ನು ಆಯದಿರುವುದೇ ಮೇಲು. ವಾರ್ಹಾಲ್ ಮಾದರಿಯ ಬಿಳಿ, ಹಳದಿ, ಕಪ್ಪುಗಳಾದರೋ ಎರಡೇ ಪ್ಲೇಟುಗಳಲ್ಲಿ ಮುಗಿಯುತ್ತವೆ. ಸಣ್ಣ ಪ್ರಮಾಣದ ತಯಾರಕರಿಗೆ ಇದೇ ಸೂಕ್ತ.

ಸದಸ್ಯರು ಕಡ್ಡಾಯವಾಗಿ ಅರಿತಿರಬೇಕಾದ ಕಾನೂನಿನ ಅಂಶವೊಂದಿದೆ. ಹಳೆಯ ಹೊದಿಕೆಯೊಂದರ ಬಣ್ಣಗಳಿಂದ ಸ್ಫೂರ್ತಿ ಪಡೆದು ತಮ್ಮದೇ ವಿನ್ಯಾಸ ರೂಪಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಪಟ್ಟಕದ ಚಿತ್ರವನ್ನೋ ಬಾಳೆಹಣ್ಣಿನ ಚಿತ್ರವನ್ನೋ ಎತ್ತಿಕೊಳ್ಳುವಂತಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಚಿತ್ರಕೃತಿಗಳಿಗೆ ಕಲಾವಿದನ ಮರಣಾನಂತರ 60 ವರ್ಷಗಳ ರಕ್ಷಣೆಯುಂಟು. ಅಂತರರಾಷ್ಟ್ರೀಯ ಒಪ್ಪಂದಗಳ ಮೂಲಕ ವಿದೇಶೀ ಕೃತಿಗಳಿಗೂ ನಮ್ಮಲ್ಲಿ ರಕ್ಷಣೆ ದೊರೆಯುತ್ತದೆ. ಪ್ರತಿಸ್ಪರ್ಧಿಯ ಬಣ್ಣಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿದ್ದು, ಬಣ್ಣಗಳ ಸಂಯೋಜನೆಯನ್ನೂ ಚಿಹ್ನೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಅದೇ ವರ್ಷ ಕೋಲ್ಗೇಟ್ ಮತ್ತು ಆ್ಯಂಕರ್ ಸಂಸ್ಥೆಗಳ ನಡುವಣ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಹಲ್ಲುಪುಡಿಯ ಡಬ್ಬಿಯ ಕೆಂಪು-ಬಿಳಿ ಸಂಯೋಜನೆಗೆ ಮಧ್ಯಂತರ ರಕ್ಷಣೆ ನೀಡಿತು. ಹೆಸರು ಬೇರೆಯಿದ್ದರೂ ಬಣ್ಣ ನೋಡಿಯೇ ಸರಕನ್ನು ಗುರುತಿಸುವ ಗ್ರಾಹಕನಿಗೆ ಗೊಂದಲವಾಗಬಹುದೆಂಬುದು ಅಲ್ಲಿನ ತರ್ಕ. ಅಂತಹ ತಡೆಯಾಜ್ಞೆ ಬಂದಲ್ಲಿ ಮುದ್ರಿಸಿಟ್ಟ ಪೊಟ್ಟಣಗಳೆಲ್ಲ ಗೋದಾಮಿನಲ್ಲೇ ಉಳಿಯುತ್ತವೆ.

ಬಣ್ಣ ಆಯ್ದ ಬಳಿಕ ಗಣಕದ ಪರದೆಯ ಮೇಲೆ ಕಂಡುದನ್ನೇ ನೆಚ್ಚಬಾರದು. ಪರದೆ ಬೆಳಕಿನಿಂದ ತೋರುವ ಬಣ್ಣವನ್ನು ಶಾಯಿ ಕಾಗದದ ಮೇಲೆ ಅದೇ ಬಗೆಯಲ್ಲಿ ತೋರಲಾರದು. ಬಳಸಲಿರುವ ರಟ್ಟಿನ ಮೇಲೆಯೇ ಪ್ರೂಫ್ ತೆಗೆಸಿ, ಹಗಲು ಬೆಳಕಿನಲ್ಲೊಮ್ಮೆ, ಅಂಗಡಿಯ ದೀಪದ ಕೆಳಗೊಮ್ಮೆ ನೋಡಿ, ಒಪ್ಪಿಗೆಯ ಸಹಿ ಹಾಕಿದ ಒಂದು ಪ್ರತಿಯನ್ನು ಮುದ್ರಕರಲ್ಲೂ ಇನ್ನೊಂದನ್ನು ತಮ್ಮಲ್ಲೂ ಇರಿಸಿಕೊಳ್ಳತಕ್ಕದ್ದು. ತಮ್ಮ ಪ್ರತಿಯನ್ನು ಬೆಳಕು ತಾಗದ ಲಕೋಟೆಯಲ್ಲಿಟ್ಟರೆ ಮರುಮುದ್ರಣದ ವೇಳೆ ಹೋಲಿಸಿ ನೋಡಲು ಅದು ಒದಗುತ್ತದೆ.