ಅಕ್ಷರವೋ? ಬಣ್ಣವೋ?

ಮಕ್ಕಳೇ, ಬೀದರ ನಗರದಲ್ಲಿರುವ ಮಹಮೂದ್ ಗವಾನ್ ಮದರಸಾವನ್ನು ನೋಡಿದ್ದೀರಾ? 15ನೇ ಶತಮಾನದ ಆ ಕಟ್ಟಡದ ಗೋಡೆಯ ಮೇಲೆ ಬಣ್ಣದ ಹೊಳೆಯುವ ಬಿಲ್ಲೆಗಳಿವೆ. ಔರಾದದಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಅದರ ಚಿತ್ರ ಕೇಳಿದರೆ, ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಮೂಡುತ್ತದೆ. ಆದರೆ ದಾರಿಯಲ್ಲಿ ಬಂದದ್ದು ಚಿತ್ರವಲ್ಲ, ಬರೀ ಸಂಖ್ಯೆಗಳು! ಅವು ಚಿತ್ರವಾದದ್ದು ಹೇಗೆ?

ಚಿತ್ರ, ಬರಹಗಳನ್ನು ಸಂಗ್ರಹಿಸಿಟ್ಟು, ಕೇಳಿದವರಿಗೆ ಕಳಿಸುವ ಕಂಪ್ಯೂಟರೇ ‘ಸರ್ವರ್’. ನಮ್ಮ ಪರವಾಗಿ ಕೇಳಿ, ಬಂದುದನ್ನು ತೋರಿಸುವ ತಂತ್ರಾಂಶ ‘ಬ್ರೌಸರ್’. ಇವುಗಳ ನಡುವೆ ಸಾಗುವುದು 0 ಮತ್ತು 1 ಮಾತ್ರ. ಇಂಥ ಒಂದೊಂದೂ ಒಂದು ‘ಬಿಟ್’. 8 ಬಿಟ್ ಸೇರಿದರೆ ಒಂದು ‘ಬೈಟ್’. ಒಂದು ಬೈಟಿನಲ್ಲಿ 0ರಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಬರೆಯಬಹುದು.

ಈಗ 224, 178, 172 ಎಂಬ ಮೂರು ಬೈಟ್‌ಗಳು ಬಂದವು ಎನ್ನೋಣ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಓದಿದರೆ ಇದು ‘ಬೀದರ’ದ ಮೊದಲ ಅಕ್ಷರವಾದ ‘ಬ’. ಇದೇ ಸಂಖ್ಯೆಗಳನ್ನು ಕೆಂಪು, ಹಸಿರು, ನೀಲಿ ಬೆಳಕಿನ ಅಳತೆ ಎಂದು ಓದಿದರೆ ತೆಳು ಗುಲಾಬಿ ಬಣ್ಣದ ಚುಕ್ಕೆ! ಯಾವುದು ಸರಿ?

ಅಡುಗೆಮನೆಯ ಎರಡು ಡಬ್ಬಿಗಳಲ್ಲಿ ಬಿಳಿ ಪುಡಿ ಇದೆ. ಉಪ್ಪು ಯಾವುದು, ಸಕ್ಕರೆಪುಡಿ ಯಾವುದು? ಮೇಲೆ ಚೀಟಿ ಅಂಟಿಸಿದ್ದರೆ ಗೊಂದಲವಿಲ್ಲ. ಸರ್ವರ್ ಮಾಡುವುದೂ ಇದನ್ನೇ. ‘ಇದು ಜೆಪೆಗ್ ಬಗೆಯ ಚಿತ್ರ’ ಎಂದು ಮೊದಲು ತಿಳಿಸುತ್ತದೆ. ಒಟ್ಟು ಎಷ್ಟು ಬೈಟ್ ಎಂಬುದನ್ನೂ ಸಾಮಾನ್ಯವಾಗಿ ಹೇಳುತ್ತದೆ. ಅನಂತರ ಬೈಟ್‌ಗಳನ್ನು ಕಳಿಸುತ್ತದೆ. ಚಿತ್ರಕ್ಕೆ ‘ಬರಹ’ ಎಂಬ ತಪ್ಪು ಚೀಟಿ ಅಂಟಿಸಿದರೆ, ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು!

ಚೀಟಿ ಸರಿಯಿದ್ದರೆ ಸಾಲದು. ಬೈಟ್‌ಗಳೂ ಬದಲಾಗದೆ, ಅದೇ ಕ್ರಮದಲ್ಲಿ ತಲುಪಬೇಕು. ಭಾಲ್ಕಿಯ ರೈತರೊಬ್ಬರು ತಮ್ಮ ಹೊಲದ ಪಹಣಿಯನ್ನು ಅಂತರಜಾಲದಿಂದ ಪಡೆಯುತ್ತಾರೆ ಎಂದುಕೊಳ್ಳಿ. ಅದರಲ್ಲಿ ಸರ್ವೆ ನಂಬರಿನ ಒಂದು ಅಂಕಿ ಬದಲಾದರೆ ಏನು ಗತಿ? ಅದಕ್ಕಾಗಿಯೇ ಮಾಹಿತಿಯನ್ನು ಸಣ್ಣ ಪೊಟ್ಟಣಗಳಾಗಿ ಮಾಡಿ, ಕ್ರಮಸಂಖ್ಯೆ ಹಾಕಿ ಕಳಿಸುತ್ತಾರೆ. ಪ್ರತಿ ಪೊಟ್ಟಣದಲ್ಲೂ ತಾಳೆ ನೋಡಲು ಒಂದು ಲೆಕ್ಕವಿರುತ್ತದೆ. ಪೊಟ್ಟಣ ಕಳೆದುಹೋದರೆ ಅಥವಾ ಲೆಕ್ಕ ತಾಳೆಯಾಗದಿದ್ದರೆ, ಅದನ್ನು ಮತ್ತೆ ಕಳಿಸಲಾಗುತ್ತದೆ.

ಮಾಡಿ ನೋಡಿ: ಎಂಟು ರಟ್ಟಿನ ಚೀಟಿಗಳ ಮೇಲೆ 128, 64, 32, 16, 8, 4, 2, 1 ಎಂದು ಬರೆದು ಸಾಲಾಗಿ ಇಡಿ. ಬೇಕಾದವನ್ನು ತೆರೆದಿಡಿ, ಉಳಿದವನ್ನು ಮಗುಚಿಡಿ. ತೆರೆದದ್ದು 1, ಮಗುಚಿದ್ದು 0. 128, 64, 32 ತೆರೆದರೆ ಮೊತ್ತ 224, ಅಂದರೆ 11100000. ಹೀಗೆಯೇ 178 ಮತ್ತು 172 ಬರೆಯಿರಿ. ನಿಮ್ಮ ಮುಂದೆ ‘ಬ’ ಸಿದ್ಧ! ಅಲ್ಲ, ಗುಲಾಬಿ ಚುಕ್ಕೆಯೋ? ಚೀಟಿ ಅಂಟಿಸಲು ಮರೆಯಬೇಡಿ!