ಹಳೆಯ ಕ್ಷೌರದ ಕತ್ತಿ: ಉಜ್ಜುವ ಮೊದಲು ಓದಿ

ಅಟ್ಟದ ಮೇಲಿನ ಪೆಟ್ಟಿಗೆಯಲ್ಲೋ, ಗೂಟಕ್ಕೆ ನೇತುಹಾಕಿದ ಹಳೆಯ ಹಡಪದಲ್ಲೋ ಮಡಚುವ ಕ್ಷೌರದ ಕತ್ತಿಯೊಂದು ಸಿಕ್ಕಿತೆನ್ನಿ. ಬಹುಪಾಲು ಮಂದಿ ಮೊದಲು ಹುಡುಕುವುದು ಉಪ್ಪುಕಾಗದವನ್ನು. ಅರ್ಧ ಗಂಟೆ ಉಜ್ಜಿದರೆ ಕತ್ತಿ ಫಳಫಳ ಹೊಳೆಯುತ್ತದೆ, ಆಮೇಲೆ ‘ಇದು ಯಾವ ಕಾಲದ್ದಿರಬಹುದು’ ಎಂಬ ಪ್ರಶ್ನೆ ಏಳುತ್ತದೆ. ಆ ಹೊತ್ತಿಗೆ ಉತ್ತರ ಕಾಗದದ ಪುಡಿಯ ಜೊತೆ ಉದುರಿಹೋಗಿರುತ್ತದೆ. ಕತ್ತಿಯ ವಯಸ್ಸಿನ ಸಾಕ್ಷ್ಯವೆಲ್ಲ ಇರುವುದು ಲೋಹದ ಮೇಲಿನ ಕೂದಲೆಳೆಯಷ್ಟು ಪದರದಲ್ಲಿ. ಆದ್ದರಿಂದ ಕಾಲನಿರ್ಣಯ ಮೊದಲು, ದುರಸ್ತಿ ಆಮೇಲೆ. ದುರಸ್ತಿಯೂ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಅಲಗು ಮುಗಿದು ಹಿಡಿಯೊಳಗೆ ಸೇರುವ ದಪ್ಪ ಭಾಗದಲ್ಲಿ ಸಾಮಾನ್ಯವಾಗಿ ತಯಾರಕರ ಮುದ್ರೆ ಇರುತ್ತದೆ. ಆ ಮುದ್ರೆ ಇಸವಿಯನ್ನು ಹೇಳುವುದಿಲ್ಲ. ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಗಡಿಯನ್ನಷ್ಟೇ ಹಾಕಿಕೊಡುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆಯ ಗುರುತು ನೋಂದಣಿಯಾದದ್ದು 1764ರಲ್ಲಿ, ಆದರೆ 20ನೇ ಶತಮಾನದ ಮಾಲಿನ ಮೇಲೂ ಅದೇ ಗುರುತಿದೆ. ಅದನ್ನೊಂದೇ ನಂಬಿ ‘ಟಿಪ್ಪು ಕಾಲದ ಕತ್ತಿ’ ಎಂದು ಹೇಳಿಕೊಂಡು ತಿರುಗುವುದು ಬೇಡ. ಕಿರೀಟದ ಎರಡು ಬದಿಗೆ ‘ವಿ’ ಮತ್ತು ‘ಆರ್’ ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ 1837ಕ್ಕಿಂತ ಹಿಂದಿನದಲ್ಲ. ದೇಶದ ಹೆಸರಿದ್ದರೆ ಗಡಿ ಇನ್ನೂ ಈಚೆಗೆ ಸರಿಯುತ್ತದೆ. ವಿದೇಶಿ ಸರಕಿನ ಮೂಲದ ಬಗ್ಗೆ ಬ್ರಿಟನ್ 1887ರಲ್ಲಿ ಕಾಯ್ದೆ ತಂದಿತು, ಅಮೆರಿಕದ ಸುಂಕದ ಕಾಯ್ದೆ 1890ರಲ್ಲಿ ಬಂತು. ‘ಜರ್ಮನಿ’, ‘ಇಂಗ್ಲೆಂಡ್’ ಎಂದು ಕೆತ್ತುವುದು ರೂಢಿಯಾದದ್ದು ಆ ಬಳಿಕ. ಸ್ಟೇನ್‌ಲೆಸ್ ಎಂದು ಬರೆದಿದ್ದರೆ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ 1913ರಲ್ಲಿ ಆ ಉಕ್ಕನ್ನು ಕಂಡುಕೊಂಡದ್ದಕ್ಕಿಂತ ಈಚಿನದು. ಹಿಡಿಯನ್ನು ಮಾತ್ರ ಪೂರ್ತಿ ನಂಬಬಾರದು. ಸೆಲ್ಯುಲಾಯ್ಡ್ ಹಿಡಿ 1870ಕ್ಕಿಂತ ಹಿಂದಿನದಾಗಲಾರದು ನಿಜ, ಆದರೆ ಒಡೆದ ಕೊಂಬಿನ ಹಿಡಿ ತೆಗೆದು ಹೊಸದು ಕೂರಿಸುವುದು ಎಲ್ಲ ಕಡೆಯೂ ಇದ್ದ ಕೆಲಸ. ಅಲಗಿಗೆ ಒಂದು ವಯಸ್ಸು, ಹಿಡಿಗೆ ಇನ್ನೊಂದು.

ಚಿಕ್ಕಮಗಳೂರು ಜಿಲ್ಲೆಯ ಶಿವನಿ, ಅಜ್ಜಂಪುರ, ತರೀಕೆರೆಯಂಥ ಕಡೆ ಈ ಮುದ್ರೆಗಳ ಓದು ಅರ್ಧ ದಾರಿಗಷ್ಟೇ ಬರುತ್ತದೆ. ಬೀರೂರಿನಿಂದ ಚಿಕ್ಕಜಾಜೂರಿನತ್ತ ಹೋಗುವ ರೈಲು ಹಳಿ 19ನೇ ಶತಮಾನದ ಕೊನೆಗೆ ಈ ಸೀಮೆಗೆ ಬಂದ ಮೇಲೆ ಪರದೇಶದ ಮಾಲು ಸಂತೆಗೆ ಸೇರುವುದು ಸುಲಭವಾಯಿತು ಎಂದು ಊಹಿಸಬಹುದು. ಅದಕ್ಕೂ ಮೊದಲು, ಆಮೇಲೂ, ಊರ ಕಮ್ಮಾರ ಬಡಿದುಕೊಟ್ಟ ಮುದ್ರೆಯಿಲ್ಲದ ಕತ್ತಿಗಳಿದ್ದವು. ಕಮ್ಮಾರನೂ ಕ್ಷೌರಿಕನಾದ ನಾಯಿಂದನೂ ಹನ್ನೆರಡು ಆಯಗಾರರಲ್ಲಿ ಸೇರಿದವರು. ಇಬ್ಬರಿಗೂ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಲ್ಲುತ್ತಿತ್ತು. ಇಂಥ ಕತ್ತಿಯಲ್ಲಿ ಓದಬೇಕಾದದ್ದು ಸವೆತವನ್ನು. ಮಸೆಯುವಾಗ ಅಲಗಿನ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವುದರಿಂದ ಬೆನ್ನಿನ ಮೇಲೆ ಚಪ್ಪಟೆ ಪಟ್ಟಿ ಮೂಡುತ್ತದೆ, ಅಲಗು ಕಿರಿದಾಗುತ್ತ ಬರುತ್ತದೆ. ಊರಿಗೆಲ್ಲ ಕ್ಷೌರ ಮಾಡಿದ ಆಯಗಾರನ ಕತ್ತಿಗೂ ವಾರಕ್ಕೊಮ್ಮೆ ಹೊರಬರುತ್ತಿದ್ದ ಮನೆಯ ಕತ್ತಿಗೂ ಇರುವ ಅಂತರ ಇಲ್ಲಿ ಕಾಣಿಸುತ್ತದೆ. ಹಳೆಯ ಅರವನ್ನು ಬಡಿದು ಮಾಡಿದ ಕತ್ತಿಯಾದರೆ ಬೆನ್ನಿನ ಬಳಿ ಅರದ ಹಲ್ಲಿನ ಮಸುಕು ಗೆರೆ ಉಳಿದಿರಬಹುದು. ಉಪ್ಪುಕಾಗದ ಮೊದಲು ಅಳಿಸುವುದು ಅದನ್ನೇ.

ಮುದ್ರೆಯಿಲ್ಲದ ಕತ್ತಿ ಕೀಳು ಮಾಲು ಎನ್ನುವವರಿಗೆ ಒಂದು ಮಾತು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನರಾಯನದುರ್ಗದ ಉಕ್ಕಿನ ಕೆಲಸವನ್ನು ದಾಖಲಿಸಿದ್ದಾನೆ: ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕುಲುಮೆಗೆ ಹಾಕುತ್ತಿದ್ದರು. ದಕ್ಷಿಣ ಭಾರತದ ಇಂಥ ಮೂಸೆಯುಕ್ಕನ್ನೇ ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಮೆಚ್ಚಿ ಬಳಸಿದ. ವಿಜ್ಞಾನಿ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ಅದರ ಗುಟ್ಟು ಹುಡುಕಲು ಹೊರಟು, ಉಕ್ಕಿಗೆ ಬೆಳ್ಳಿ ಮೊದಲಾದ ಲೋಹ ಬೆರೆಸಿದ ಪ್ರಯೋಗಗಳನ್ನು 1820ರಲ್ಲಿ ಪ್ರಕಟಿಸಿದ. ಆಮೇಲೆ ಶೆಫೀಲ್ಡಿನ ಕತ್ತಿಗಳ ಮೇಲೆ ‘ಸಿಲ್ವರ್ ಸ್ಟೀಲ್’ ಎಂಬ ಬರಹ ಹಬ್ಬಿತು. ಅಂದರೆ ಆ ಬರಹವೂ ಕಾಲದ ಗಡಿಯೇ, ಬೆಳ್ಳಿಯ ಖಾತರಿಯಲ್ಲ.

ಇನ್ನು ದುರಸ್ತಿ. ಕೆಂಪು ತುಕ್ಕು ಲೋಹವನ್ನು ತಿನ್ನುತ್ತಲೇ ಇರುತ್ತದೆ, ಅದು ಹೋಗಬೇಕು. ಕಪ್ಪಗೆ, ನುಣುಪಾಗಿ ಕೂತ ಕಲೆ ನಿಂತುಹೋದದ್ದು, ಅದು ಇರಲಿ. ಹೊಲಿಗೆ ಮಿಷನ್ನಿನ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಮರದ ಕಡ್ಡಿಯಿಂದಲೋ ಒರಟು ಬಟ್ಟೆಯಿಂದಲೋ ಒರೆಸಿದರೆ ಬಹಳಷ್ಟು ತುಕ್ಕು ಬಿಡುತ್ತದೆ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಜಿಗುಟಾಗುತ್ತದೆ. ಆಯುಧಪೂಜೆಯ ಕುಂಕುಮ, ವಿಭೂತಿ ಸಂದಿಯಲ್ಲಿ ಕೂತು ತೇವ ಹಿಡಿದಿಟ್ಟಿದ್ದರೆ ಅದನ್ನೂ ತೆಗೆಯಿರಿ, ದೇವರು ಮುನಿಯಲಾರ. ಮೋಟಾರಿನ ಚಕ್ರಕ್ಕೆ ಕೊಡುವುದು ಮಾತ್ರ ದೊಡ್ಡ ಅಪಾಯ. ಕೂದಲೆಳೆಯಂಥ ಬಾಯಿ ಕ್ಷಣದಲ್ಲಿ ಕಾಯುತ್ತದೆ, ಸುಮಾರು 200 ಡಿಗ್ರಿ ದಾಟಿದರೆ ಉಕ್ಕಿನ ಹದ ಕೆಡತೊಡಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಸೆಲ್ಯುಲಾಯ್ಡ್ ಹಿಡಿ ಹಳಸಿದ್ದರೆ ಅದು ಬಿಡುವ ಆಮ್ಲದ ಹಬೆಯೇ ಅಲಗನ್ನು ತಿನ್ನುತ್ತದೆ. ಅಂಥ ಹಿಡಿಯನ್ನು ಬಿಚ್ಚಿ ಬೇರೆಯಾಗಿ ಇಡಬೇಕು, ಬೆಂಕಿಯಿಂದ ದೂರ ಇಡಬೇಕು.

ಕತ್ತಿ ಇರುವುದು ಕ್ಷೌರಕ್ಕೆ, ಹರಿತವಿಲ್ಲದ ಮೇಲೆ ಇಟ್ಟುಕೊಂಡು ಮಾಡುವುದೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹರಿತಕ್ಕೂ ಹೊಳಪಿಗೂ ಸಂಬಂಧವಿಲ್ಲ. ಬಾಯಿಯಲ್ಲಿ ಬಿರುಕು, ಆಳದ ಗುಳಿ ಇಲ್ಲದಿದ್ದರೆ ಅಲಗಿನ ಮೈಯನ್ನು ಮುಟ್ಟದೆಯೇ ನಯವಾದ ಸಾಣೆಕಲ್ಲಿನ ಮೇಲೆ, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಬಾಯಿಯನ್ನಷ್ಟೇ ಎಬ್ಬಿಸಬಹುದು. ಬಿರುಕಿದ್ದರೆ ಮುಖಕ್ಕೆ ತಾಗಿಸಬಾರದು. ಹಾಗೆಯೇ ಒಬ್ಬರ ಕತ್ತಿ ಒಬ್ಬರಿಗೇ: ಎಚ್‌ಐವಿ, ಹೆಪಟೈಟಿಸ್ ಭಯದಿಂದ ಅಂಗಡಿಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸಿ ಎಸೆಯುವ ರೂಢಿ ಬಂದದ್ದು ಸರಿಯಾದದ್ದೇ, ಕೊಂಬಿನ ಹಿಡಿಯ ಕತ್ತಿಯನ್ನು ಕುದಿಸಿ ಶುದ್ಧಮಾಡಲಾಗದು. ಇನ್ನು ಮಾರುವುದಾದರೆ, ಹೊಳೆಸಿದ ಕತ್ತಿಗಿಂತ ಮುದ್ರೆ ಸ್ಪಷ್ಟವಾಗಿರುವ ಕತ್ತಿಯನ್ನೇ ಬಲ್ಲವರು ಆರಿಸುತ್ತಾರೆ. ಹಿಡಿ ಆನೆದಂತದ್ದಾದರೆ ಮಾರುವ ಯೋಚನೆಯನ್ನೇ ಬಿಡಬೇಕು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳಡಿ ದಂತದ ವ್ಯಾಪಾರ ನಿಷಿದ್ಧ.