ಲೈಂಗಿಕ ಸೋಂಕಿನ ಪರೀಕ್ಷೆ: ಕ್ಲಿನಿಕ್ ಒಳಗೆ ಏನಾಗುತ್ತೆ?

ಉರಿಮೂತ್ರ, ಗುಪ್ತಾಂಗದಲ್ಲಿ ಹುಣ್ಣು, ಕೀವು, ವಾಸನೆಯ ಬಿಳಿಸೆರಗು ಇದ್ಯಾ? ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೇಳಬೇಡಿ, ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಲಕ್ಷಣ ಏನೂ ಇಲ್ಲದೆಯೂ ಸೋಂಕು ಇರುತ್ತೆ.

ಎಲ್ಲಿಗೆ ಹೋಗೋದು? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ನೀವು ಎಲ್ಲೇ ಇರಿ, ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಕರೆ ಉಚಿತ. ಹತ್ತಿರದ ಸರ್ಕಾರಿ ಸುರಕ್ಷಾ ಕ್ಲಿನಿಕ್ ಅಥವಾ ಐಸಿಟಿಸಿ (ಎಚ್‌ಐವಿ ಸಮಾಲೋಚನೆ, ಪರೀಕ್ಷೆ) ಕೇಂದ್ರ ಎಲ್ಲಿದೆ ಅಂತ ಕೇಳಿ. ಅಲ್ಲಿ ಪರೀಕ್ಷೆಯೂ ಉಚಿತ.

ಮೊದಲು ಆಪ್ತಸಮಾಲೋಚಕರು ನಿಮ್ಮೊಬ್ಬರ ಜೊತೆ ಮಾತ್ರ ಕೂತು ಮಾತಾಡ್ತಾರೆ. ಮುಚ್ಚಿಡದೆ ಹೇಳಿ. ಆಮೇಲೆ ಡಾಕ್ಟರ್ ನೋಡ್ತಾರೆ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು.

ಊರಿಗೆಲ್ಲಾ ಗೊತ್ತಾಗುತ್ತೆ ಅನ್ನೋ ಭಯವೇ? ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ವಿವರ ಗುಟ್ಟಾಗಿರಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತೆ.

ಸೋಂಕು ತಗುಲಿದ ತಕ್ಷಣ ಎಚ್‌ಐವಿ ಪರೀಕ್ಷೆಯಲ್ಲಿ ಕಾಣಿಸದೇ ಇರಬಹುದು. ಆದ್ದರಿಂದ 3 ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ.

ಪಾಸಿಟಿವ್ ಬಂದ್ರೆ? ಸಿಫಿಲಿಸ್ ಪೆನಿಸಿಲಿನ್ ಇಂಜೆಕ್ಷನ್‌ನಿಂದ ವಾಸಿಯಾಗುತ್ತೆ. ಎಚ್‌ಐವಿಗೆ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ದಿನಾ ತಗೊಂಡ್ರೆ ದೀರ್ಘಕಾಲ ಆರೋಗ್ಯವಾಗಿ ಬದುಕಬಹುದು.

ಸಂಗಾತಿಯನ್ನೂ ಕರ್ಕೊಂಡು ಹೋಗಿ. ಒಬ್ಬರಿಗೇ ಚಿಕಿತ್ಸೆ ಆದ್ರೆ ಸೋಂಕು ಮತ್ತೆ ಬರಬಹುದು. ಗರ್ಭಿಣಿಯರು ಪರೀಕ್ಷೆ ತಪ್ಪಿಸಲೇಬೇಡಿ, ಮಗುವನ್ನೂ ಕಾಪಾಡಬಹುದು.

ನಾಚಿಕೆ ಬಿಡಿ. ಇವತ್ತೇ 1097ಕ್ಕೆ ಫೋನ್ ಮಾಡಿ.